ಜ್ವರ ಬಿಟ್ಟ ಬೆಳಿಗ್ಗೆ

ಅವರ ಹಣೆ ಬಿಸಿಯಾಗಿತ್ತು ಎಂದೇ ನನ್ನ ನೆನಪು. ಆದರೆ ಆ ನೆನಪನ್ನು ನಂಬುವುದು ಬಿಟ್ಟು ತುಂಬ ಕಾಲವಾಯಿತು. ಕಣ್ಣು ಮುಚ್ಚಿದರೆ ಅಂಗೈಗೆ ಈಗಲೂ ಆ ಬಿಸಿ ತಾಕುತ್ತದೆ. ಅಂದು ಅಲ್ಲಿದ್ದ ಇನ್ನಿಬ್ಬರು ಮಾತ್ರ ಹಣೆ ತಣ್ಣಗಿತ್ತು ಎನ್ನುತ್ತಾರೆ. ಮೂವರಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅದಕ್ಕೇ ಇಷ್ಟು ವರ್ಷ ನನ್ನ ಮಾತೇ ಸರಿ ಎಂದುಕೊಂಡಿದ್ದೆನೋ ಏನೋ…

ಮೊನ್ನೆ ಕಾಲೇಜಿನ ಸಿಬ್ಬಂದಿ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರು ಚೀಲದಿಂದ ಒಂದು ಸಿರಪ್ ಬಾಟಲಿ ತೆಗೆದರು. ಡೆಂಗ್ಯೂ ಆಗಿ ಎದ್ದು ಬಂದಿದ್ದರು. ಡಾಕ್ಟರೇ ಬರೆದುಕೊಟ್ಟದ್ದಂತೆ. ಮುಚ್ಚಳ ತೆಗೆದ ಕೂಡಲೇ ಪರಂಗಿ ಎಲೆಯ ಹಸಿ ಕಹಿ ವಾಸನೆ ಮೂಗಿಗೆ ಬಡಿಯಿತು. ಅದಕ್ಕೆ ಕಿತ್ತಳೆಯ ಪರಿಮಳ ಬೆರೆಸಿದ್ದರೂ ಆ ಕಹಿ ಅಡಗಿರಲಿಲ್ಲ. ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಕಿಟಕಿಯಾಚೆ ದೇವನಹಳ್ಳಿಯ ರಸ್ತೆ, ವಿಮಾನಕ್ಕೆ ಓಡುವ ಟ್ಯಾಕ್ಸಿಗಳು. ನನಗೆ ಕಂಡದ್ದು ಮಾತ್ರ ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿ, ಅಲ್ಲಿನ ಒಂದು ಮನೆಯ ಪಡಸಾಲೆ, ಚಾಪೆಯ ಮೇಲೆ ಮಲಗಿದ್ದ ನಮ್ಮ ವಿಜ್ಞಾನದ ಮೇಷ್ಟ್ರು.

ಆ ಬೀದಿಯಲ್ಲೇ ನಾನು ಬೆಳೆದದ್ದು. ಮೇಷ್ಟ್ರು ನಮ್ಮ ಹೈಸ್ಕೂಲಿನಲ್ಲಿದ್ದರು. ನೇಕಾರರ ಮನೆತನ. ಅವರ ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಅವನ್ನು ಅವರ ಬಾಮೈದ ನೋಡಿಕೊಳ್ಳುತ್ತಿದ್ದ. ಮಗ್ಗದ ಸದ್ದಿಗೆ ಹೊಂದಿಕೊಂಡೋ ಏನೋ, ಮೇಷ್ಟ್ರದು ಯಾವಾಗಲೂ ಏರುದನಿ. ತರಗತಿಯಲ್ಲಿ ಅವರು ಪಾಠ ಮಾಡುತ್ತಿದ್ದರೆ ಪಕ್ಕದ ತರಗತಿಯವರಿಗೂ ಪಾಠವಾಗುತ್ತಿತ್ತು.

ಅವರ ಒಂದು ಪಾಠ ನಮ್ಮ ಓರಗೆಯ ಯಾರಿಗೂ ಮರೆತಿರಲಾರದು. ಮೇಜಿನ ಮೇಲೆ ಮೂರು ಬೋಗುಣಿ ಇಡುತ್ತಿದ್ದರು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಮಣ್ಣಿನ ಹೂಜಿಯ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚನೆಯ ನೀರು. ಒಬ್ಬನನ್ನು ಕರೆದು, ಒಂದು ಕೈ ಬಿಸಿಯಲ್ಲಿ, ಒಂದು ಕೈ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಡಿಸಿ, ಆಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಹಾಕಿಸುತ್ತಿದ್ದರು. ಒಂದು ಕೈ ‘ತಣ್ಣಗಿದೆ’ ಎನ್ನುತ್ತಿತ್ತು, ಇನ್ನೊಂದು ‘ಬಿಸಿಯಿದೆ’ ಎನ್ನುತ್ತಿತ್ತು. ನೀರು ಅದೇ. ಹುಡುಗ ಪೆಚ್ಚಾಗಿ ನಿಂತರೆ ಮೇಷ್ಟ್ರು ಗುಡುಗುತ್ತಿದ್ದರು. “ಕೈ ಅಳೆಯಲ್ಲ ಕಣ್ರೋ, ಹೋಲಿಸುತ್ತೆ ಅಷ್ಟೆ. ಅಳೆಯೋಕೆ ಬೇರೆ ಇದೆ.” ಆಮೇಲೆ ಜೇಬಿನಿಂದ ಕಪ್ಪು ಪ್ಲಾಸ್ಟಿಕ್ ಕೊಳವೆ ತೆಗೆದು, ಅದರೊಳಗಿನ ಪಾದರಸದ ಥರ್ಮಾಮೀಟರನ್ನು ಮಣಿಕಟ್ಟಿನಿಂದ ಕೊಡವುತ್ತಿದ್ದರು.

ಆ ಥರ್ಮಾಮೀಟರಿಗೂ ಒಂದು ನಿಯಮವಿತ್ತು. ಜ್ವರ ನೋಡುವ ಮೊದಲು ಕೊಡವಬೇಕು, ನೋಡಿದ ಮೇಲೆ ಕೊಡವಬಾರದು. ಅದರ ಗಾಜಿನ ನಾಳ ಪಾದರಸದ ಬುರುಡೆಯ ಹತ್ತಿರ ಕತ್ತು ಹಿಸುಕಿದಂತೆ ಕಿರಿದಾಗಿರುತ್ತದೆ. ಪಾದರಸ ಏರುತ್ತದೆ, ಕೊಡವದೆ ಇಳಿಯುವುದಿಲ್ಲ. “ಹಂಗೇ ಇಡು. ನೀನು ಸುಳ್ಳು ಹೇಳಿದ್ರೆ ಇನ್ನೊಬ್ಬ ನೋಡಿ ಹೇಳ್ತಾನೆ” ಎನ್ನುತ್ತಿದ್ದರು. ನಾನು ಭೌತಶಾಸ್ತ್ರ ಓದಿದ್ದು, ಯಾರು ಏನು ಹೇಳಿದರೂ ‘ಪುರಾವೆ ಏನು’ ಎಂದು ಕೇಳುವ ಚಟಕ್ಕೆ ಬಿದ್ದದ್ದು, ಎಲ್ಲಕ್ಕೂ ಆ ಮೇಜೇ ಮೂಲ.

ಅಂಥ ಮೇಷ್ಟ್ರು ಎಲೆಯ ಔಷಧಿಗೆ ಹೋದರು.

ಆ ವರ್ಷ ಮಳೆಗಾಲ ಮುಗಿದರೂ ಜ್ವರ ಮುಗಿದಿರಲಿಲ್ಲ. ನಲ್ಲಿ ನೀರು ಬರುವುದೇ ಅಪರೂಪವಾದ್ದರಿಂದ ಪ್ರತಿ ಮನೆಯ ಮುಂದೆಯೂ ನೀಲಿ ಡ್ರಮ್ಮು. ಡ್ರಮ್ಮಿನ ತುಂಬ ಸೊಳ್ಳೆಮರಿ. ನೇಯುವವರು ಮಲಗಿದ್ದರಿಂದ ಒಂದೊಂದೇ ಮಗ್ಗ ನಿಂತು, ಹಗಲಿನಲ್ಲೂ ಬೀದಿ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಹುಟ್ಟಿದಾಗಿನಿಂದ ಆ ಟಕಟಕ ಕೇಳಿಸಿಕೊಂಡವರಿಗೆ ಅದಿಲ್ಲದಾಗ ಆಗುವ ದಿಗಿಲು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ.

ಮೇಷ್ಟ್ರಿಗೆ ಜ್ವರ ಬಂದಿದೆ ಎಂದು ಅವರ ಹೆಂಡತಿ ಫೋನ್ ಮಾಡಿದರು. ನಾವು ಶಿಷ್ಯರೆಲ್ಲ ಅವರನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದೆವು. ಆಗಲೇ ಕೆಲಸದಲ್ಲಿದ್ದ ದೇವನಹಳ್ಳಿಯಿಂದ ಬಂದು ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಆಸ್ಪತ್ರೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಮಂಚದಲ್ಲಿ ಇಬ್ಬಿಬ್ಬರು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಊಟ ಮಾಡಿ ಎಷ್ಟು ಹೊತ್ತಾಗಿತ್ತೋ, ತುಟಿ ಒಣಗಿತ್ತು. ಆದರೂ ರಕ್ತಪರೀಕ್ಷೆಯ ಫಲಿತಾಂಶ ನೋಡಿ ಸಮಾಧಾನವಾಗಿಯೇ ಹೇಳಿದರು.

“ಡೆಂಗ್ಯೂ ಸಾರ್. ಇದಕ್ಕೆ ಅಂತ ಔಷಧಿ ಇಲ್ಲ. ನೀರು, ಗಂಜಿ, ಎಳನೀರು ಚೆನ್ನಾಗಿ ಕುಡೀರಿ. ಜ್ವರಕ್ಕೆ ಈ ಮಾತ್ರೆ. ಹೊಟ್ಟೆನೋವು, ವಾಂತಿ ಏನಾದ್ರೂ ಶುರುವಾದ್ರೆ ತಕ್ಷಣ ಬಂದ್ಬಿಡಿ.”

ಎಷ್ಟು ಪ್ರಾಮಾಣಿಕ ಡಾಕ್ಟರ್ ಎಂದುಕೊಂಡೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಅಮ್ಮನ ಕಾಲು ನಿಂತುಹೋಯಿತು.

“ಔಷಧಿ ಇಲ್ಲ ಅಂದ್ಬಿಟ್ರಲ್ಲಪ್ಪಾ…”

“ಖಾಲಿ ಆಗಿದೆ ಅಂತಲ್ಲಮ್ಮ. ಈ ಕಾಯಿಲೆಗೆ ಔಷಧಿ ಅನ್ನೋದೇ ಇಲ್ಲ. ಇಡೀ ಪ್ರಪಂಚದಲ್ಲೇ ಇಲ್ಲ.”

“ಪ್ರಪಂಚದಲ್ಲೇ ಇಲ್ವಾ?” ಎಂದು ಅವರು ನನ್ನ ಮುಖ ನೋಡಿದ ನೋಟ… ಅದರಲ್ಲಿ ನನಗೆ ಅನುಮಾನವಿಲ್ಲ, ಅದು ಹಾಗೇ ಇದೆ. ನಾನು ವಿಷಯ ತಿಳಿಸಿದ್ದೆ. ಅವರಿಗೆ ಕೇಳಿಸಿದ್ದು ತೀರ್ಪು. ನಮ್ಮ ಕಡೆ ‘ಇದಕ್ಕೆ ಔಷಧಿ ಇಲ್ಲ’ ಎಂದರೆ ಮನೆಗೆ ಕರೆದುಕೊಂಡು ಹೋಗಿ, ಬೇಕಾದವರಿಗೆ ಹೇಳಿಕಳಿಸಿ ಎಂದರ್ಥ. ಆ ಮಾತು ಬಿದ್ದಮೇಲೆ ಡಾಕ್ಟರ್ ಹೇಳಿದ ಹೊಟ್ಟೆನೋವು, ವಾಂತಿ ಯಾವುದೂ ಅವರ ಕಿವಿಯೊಳಗೆ ಹೋಗಿರಲೇ ಇಲ್ಲ.

ಮನೆಯಲ್ಲಿ ಬಾಮೈದ ಕಾಯುತ್ತಿದ್ದ. ಅವನೂ ಅದೇ ಜ್ವರದಿಂದ ಎದ್ದಿದ್ದ. “ಅಕ್ಕ, ನಾನು ಎದ್ದು ಕೂತಿಲ್ವಾ? ಎಲೆಅಜ್ಜಿ ಹತ್ರ ಹೋಗೋಣ” ಎಂದ. ನನ್ನ ಕಡೆ ತಿರುಗಿ, “ನೀನು ಓದಿರೋದು ಸರಿ ಗುರು. ಜ್ವರ ಬಂದಿದ್ಯಾ ನಿಂಗೆ ಒಂದ್ಸಲನಾದ್ರೂ?” ಎಂದ. ಎಲೆ ಕುಡಿಯದೆಯೂ ಬಹಳ ಜನ ಏಳುತ್ತಾರೆ ಎಂದು ವಿವರಿಸಲು ಹೊರಟೆ. ಏಳದೆ ಹೋದವರು ಬಂದು ಸಾಕ್ಷಿ ಹೇಳುವುದಿಲ್ಲ ಎಂದೂ ಹೇಳಿದೆ. ಅಮ್ಮ ಆಗಲೇ ಶಾಲು ಮಡಿಸುತ್ತಿದ್ದರು.

ಎಲೆಅಜ್ಜಿ ಇದ್ದದ್ದು ದೊಡ್ಡಬೆಳವಂಗಲದ ಕಡೆಯ ಒಂದು ಹಳ್ಳಿಯಲ್ಲಿ. ಸೂರ್ಯ ಹುಟ್ಟುವ ಮೊದಲು, ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಯಾವ ಎಲೆ ಎಂದು ಕೇಳಬಾರದು. ಹೆಸರು ಹೇಳಿದರೆ ಔಷಧಿ ಹಿಡಿಯುವುದಿಲ್ಲವಂತೆ. ಕುಡಿದು ಹೋಗುವಾಗ ಹಿಂದಿರುಗಿ ನೋಡಬಾರದು. ಹೆಸರಂತೂ ಕೇಳುವ ಅಗತ್ಯವೇ ಇರಲಿಲ್ಲ. ಸುತ್ತಲಿನ ಪರಂಗಿ ಗಿಡಗಳೆಲ್ಲ ಬೋಳಾಗಿ ಬರೀ ಕಾಯಿ ಹೊತ್ತು ನಿಂತಿದ್ದವು.

ಮಾರನೆಯ ಬೆಳಗಿನ ಜಾವ ನಾನೂ ಅವರ ಹಿಂದೆ ಹೋದೆ. ತಡೆಯಲು ಹೋದದ್ದು. ಅಂಗಳದ ತುಂಬ ಜನ, ಕಂಬಳಿ ಹೊದ್ದವರು, ಹೆಗಲಿಗೊರಗಿದವರು. ಒಬ್ಬ ಮುದುಕ ನನ್ನನ್ನು ಮೇಲೆ ಕೆಳಗೆ ನೋಡಿ, “ಏನಪ್ಪಾ, ಜ್ವರ ಇಲ್ದಲೇ ಬಂದ್ಬಿಟ್ಟಿದ್ದೀಯ? ಗಟ್ಟಿಮುಟ್ಟಾಗಿದ್ದೀಯಲ್ಲ!” ಎಂದ. ನಾಲ್ಕು ಜನ ನಕ್ಕರು. ಆಸ್ಪತ್ರೆಯ ಹಜಾರದಲ್ಲಿ ಯಾರೂ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಅಜ್ಜಿ ಒಬ್ಬೊಬ್ಬರನ್ನೂ ಹತ್ತಿರ ಕೂರಿಸಿಕೊಂಡು ಕೈ ಹಿಡಿದು ಕೇಳುತ್ತಿದ್ದಳು. ಏನು ಉಂಡೆ, ಯಾರ ಜೊತೆ ಬಂದೆ, ಮನೇಲಿ ಅಡುಗೆ ಯಾರು ಮಾಡ್ತಾರೆ. ಮೇಷ್ಟ್ರ ಸರದಿ ಬಂತು.

“ಮೇಷ್ಟ್ರಾ? ಎಷ್ಟು ಮಕ್ಕಳಿಗೆ ಹೊಡ್ದಿದ್ದೀರ?”

“ಲೆಕ್ಕ ಇಟ್ಟಿಲ್ಲಮ್ಮ.”

“ಹಂಗಾದ್ರೆ ಸ್ವಲ್ಪ ಜಾಸ್ತಿನೇ ಕುಡೀರಿ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ.”

ನಾನು ನಡುವೆ ಬಾಯಿ ಹಾಕಿದೆ. “ಇದರಿಂದ ಡೆಂಗ್ಯೂ ಹೋಗುತ್ತೆ ಅನ್ನೋಕೆ ಏನಜ್ಜಿ ಪುರಾವೆ?” ಅಂಗಳದವರೆಲ್ಲ ನನ್ನ ಕಡೆ ತಿರುಗಿದರು. ಅಜ್ಜಿ ಸಿಟ್ಟಾಗಲಿಲ್ಲ. “ನಂಗೆ ಆ ಹೆಸ್ರೆಲ್ಲ ಗೊತ್ತಿಲ್ಲ ಮಗಾ. ನಾನು ಜ್ವರಕ್ಕೆ ಕೊಡ್ತೀನಿ” ಎಂದಳು. ಮೇಷ್ಟ್ರು ಕಣ್ಣು ಮುಚ್ಚಿ ಕುಡಿದರು. ಮುಖ ಕಿವುಚಿಕೊಂಡರು. ಲೋಟ ಕೊಟ್ಟು ಎದ್ದವರು ಹಿಂದಿರುಗಿ ನೋಡಲಿಲ್ಲ. ಆ ನಿಯಮವನ್ನೂ ಪಾಲಿಸಿದರು ಎನ್ನುವುದೇ ನನ್ನನ್ನು ಚುಚ್ಚಿತು.

ವಾಪಸು ಬರುವಾಗ ಆಟೋದಲ್ಲಿ ಜಗಳ ತೆಗೆದೆ. “ಸಾರ್, ನೀವೇ ಹಿಂಗೆ ಮಾಡಿದ್ರೆ?”

ಅವರು ಕಣ್ಣು ತೆರೆಯದೆ ಹೇಳಿದರು. “ಬಂದ್ನಪ್ಪಾ ಯೂನಿವರ್ಸಿಟಿ… ಲೋ, ಔಷಧಿ ಇಲ್ಲ ಅಂದ್ರೆ ಏನು ಅಂತ ನಂಗೆ ಅರ್ಥ ಆಗುತ್ತೆ ಕಣೋ. ನೀರು ಕುಡ್ಕೊಂಡು ಕಾಯ್ಬೇಕು. ಕಾಯೋದು ಎಷ್ಟು ಕಷ್ಟ ಅಂತ ಮಲಗಿದ್ಮೇಲೆ ಗೊತ್ತಾಯ್ತು. ಇವಳು ರಾತ್ರಿಯೆಲ್ಲ ನನ್ನ ಮುಖ ನೋಡ್ತಾ ಕೂರ್ತಾಳೆ. ಈಗ ನೋಡು, ಬೆಳಿಗ್ಗೆ ಏಳ್ಬೇಕು, ಆಟೋ ಹೇಳ್ಬೇಕು, ಪಥ್ಯದ ಅಡುಗೆ ಮಾಡ್ಬೇಕು. ಕೈಗೆ ಕೆಲಸ ಸಿಕ್ತು ಅವಳಿಗೆ.” ಶಾಲು ಎಳೆದುಕೊಂಡು, “ನಂಗೂ ಅಷ್ಟೇ ಅನ್ಕೋ. ಅಲ್ಲಿ ಇಲ್ಲ ಅಂದ್ರು, ಇಲ್ಲಿ ಇದೆ ಅಂದ್ರು. ಮೈ ಸುಡೋವಾಗ ಯಾವ ಮಾತು ಕಿವಿಗೆ ಬೀಳುತ್ತೆ ಹೇಳು” ಎಂದರು.

ಈ ಮಾತುಗಳನ್ನು ಅವರು ಹೀಗೇ ಹೇಳಿದರೇ? ಇಷ್ಟು ಜೋಡಿಸಿ ಹೇಳುವ ಸ್ಥಿತಿಯಲ್ಲಿ ಅವರಿದ್ದರೇ? ಆಟೋದ ಸದ್ದಿನಲ್ಲಿ ಕೇಳಿದ ತುಣುಕುಗಳಿಗೆ ನಾನೇ ಆಮೇಲೆ ಹೊಲಿಗೆ ಹಾಕಿರಬಹುದು. ‘ಯೂನಿವರ್ಸಿಟಿ’ ಎಂದದ್ದು ಮಾತ್ರ ನಿಜ. ಅದು ಅವರು ನನಗಿಟ್ಟಿದ್ದ ಅಡ್ಡಹೆಸರು.

ಎಲೆ ಕುಡಿದ ಎರಡು ಮೂರು ದಿನಕ್ಕೆ, ಒಂದು ಮುಂಜಾನೆ ಅಮ್ಮನ ಫೋನು. ದನಿಯಲ್ಲಿ ಹಬ್ಬ. “ಜ್ವರ ಬಿಡ್ತಪ್ಪಾ! ತಮ್ಮ ಅಜ್ಜಿಗೆ ಫೋನ್ ಮಾಡಿದ್ದ, ತಲೆಗೆ ನೀರು ಹಾಕಿ ಅಂದವ್ಳೆ. ನೀನೂ ಬಾ, ಅವ್ರು ನಿನ್ನ ನೆನೀತಿದ್ರು.”

ನಮ್ಮಲ್ಲಿ ಜ್ವರ ಬಿಟ್ಟವರಿಗೆ ತಲೆಗೆ ನೀರು ಹಾಕುವುದೆಂದರೆ ಕಾಯಿಲೆಗೆ ಕೊನೆಯ ಗೆರೆ ಎಳೆದಂತೆ. ಹಾಸಿಗೆ ಒಗೆಯುತ್ತಾರೆ, ಚಾಪೆ ಬಿಸಿಲಿಗೆ ಹಾಕುತ್ತಾರೆ, ನೋಡಿಕೊಳ್ಳುತ್ತಿದ್ದವರು ಅಂದು ನಿದ್ದೆ ಮಾಡುತ್ತಾರೆ. ನನಗೆ ನಂಬಿಕೆ ಬರಲಿಲ್ಲ. ಎಲೆಯ ಮೇಲಿನ ಸಿಟ್ಟಿಗೆ, ಜ್ವರ ಬಿಟ್ಟಿರಲಾರದು, ಇವರೇ ಹಾಗೆಂದುಕೊಂಡಿದ್ದಾರೆ ಎಂದು ತೀರ್ಮಾನಿಸಿಕೊಂಡೇ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಮಂಜು. ಹ್ಯಾಂಡಲ್ ಹಿಡಿದ ಬೆರಳು ಮರಗಟ್ಟಿ, ಇಳಿದ ಮೇಲೆ ಕೀಲಿ ತಿರುಗಿಸಲೂ ಆಗಲಿಲ್ಲ.

ಹಿತ್ತಲಿನಲ್ಲಿ ಹಂಡೆಯ ನೀರು ಕಾದಿತ್ತು, ಬೇವಿನ ಸೊಪ್ಪು ತೇಲುತ್ತಿತ್ತು. ಮೇಷ್ಟ್ರು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ನಕ್ಕರು. ನಾನು ನೇರ ಹೋಗಿ ಹಣೆ ಮುಟ್ಟಿದೆ.

ಬಿಸಿಯಿತ್ತು.

“ಎಲ್ಲಮ್ಮ ಬಿಟ್ಟಿದೆ ಜ್ವರ? ಹಣೆ ಸುಡ್ತಾ ಇದೆ. ಹೊರಡಿ ಆಸ್ಪತ್ರೆಗೆ.”

ಅಮ್ಮ ಓಡಿಬಂದು ಹಣೆ ಮುಟ್ಟಿದರು, ಕತ್ತು ಮುಟ್ಟಿದರು. “ತಣ್ಣಗಿದೆಯಲ್ಲೋ!” ಬಾಮೈದನೂ ಮುಟ್ಟಿ, “ನೀನು ಎಲೆ ಮೇಲಿನ ಹಟಕ್ಕೆ ಹಿಂಗಂತಿದ್ದೀಯ ಗುರು. ಜ್ವರ ಬಿಟ್ಟೋರನ್ನ ಯಾರಾದ್ರೂ ಆಸ್ಪತ್ರೆಗೆ ಹೊತ್ಕೊಂಡೋಗ್ತಾರಾ?” ಎಂದ. ಮೇಷ್ಟ್ರು ಗೋಡೆಯ ಗೂಡಿನ ಕಡೆ ಕೈ ತೋರಿಸಿ ಏನೋ ಹೇಳಿದರು. ಆ ಏರುದನಿ ಅಂದು ಪಿಸುಮಾತಿನಷ್ಟಾಗಿತ್ತು. ಗೂಡಿನಲ್ಲಿ ಕಪ್ಪು ಕೊಳವೆ ಇತ್ತು. ನಾನು ಅದರ ಕಡೆ ಹೋಗಲಿಲ್ಲ. “ಅದೆಲ್ಲ ಯಾಕೆ ಸಾರ್, ಕೈಗೇ ಗೊತ್ತಾಗ್ತಿದೆ” ಎಂದೆ.

ಅಷ್ಟರಲ್ಲಿ ಅವರು ಬಾಯಿಗೆ ಕೈ ಹಿಡಿದರು. ಬಾಮೈದ ಬೋಗುಣಿ ತಂದ. ವಾಂತಿ. ಬೆಳಗಿನಿಂದ ಇದು ಮೊದಲಲ್ಲವಂತೆ. ಹೊಟ್ಟೆಯನ್ನು ಒತ್ತಿ ಹಿಡಿದಿದ್ದರು. ಅಮ್ಮ ಬೆನ್ನು ನೀವುತ್ತ ನನಗೇ ಸಮಾಧಾನ ಹೇಳಿದರು. “ಹೆದರ್ಕೋಬೇಡ. ಪಿತ್ತ ಕಿತ್ಕೊಂಡು ಬರ್ತಿದೆ. ಔಷಧಿ ಹಿಡ್ದಿದೆ ಅಂತ ಅರ್ಥ.”

ನಾನು ಜ್ವರ ಇದೆ ಇದೆ ಎಂದು ವಾದಿಸುತ್ತಲೇ ಇದ್ದೆ. ಅವರು ಇಲ್ಲ ಇಲ್ಲ ಎನ್ನುತ್ತಲೇ ಇದ್ದರು. ಇಡೀ ಜಗಳ ಆ ಹಣೆಯ ಮೇಲೆಯೇ ನಡೆಯಿತು. ಕೆಳಗೆ, ಹೊಟ್ಟೆ ಹಿಡಿದ ಕೈಯ ಕಡೆ ನಮ್ಮ ಮೂವರಲ್ಲಿ ಯಾರೂ ನೋಡಲಿಲ್ಲ. ಕೊನೆಗೆ ಅಮ್ಮ ಕೈ ಮುಗಿದು, “ನೀರು ಹಾಕಿಬಿಡ್ತೀನಿ ಕಣಪ್ಪಾ, ಆಮೇಲೆ ಬೇಕಾದ್ರೆ ಹೋಗೋಣ” ಎಂದರು. ಬೇವಿನ ನೀರು ಹಾಕಿದರು. ಗಂಜಿ ಕುಡಿಸಿದರು. ಒಗೆದ ಪಂಚೆ ಉಡಿಸಿ ಮಲಗಿಸಿದರು. ಅಮ್ಮನೂ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದರು. ಎಷ್ಟು ದಿನದ ನಿದ್ದೆಯೋ. ಮುಂದಿನ ಕೋಣೆಯಲ್ಲಿ ಬಾಮೈದ ಒಂದು ಮಗ್ಗ ಹಚ್ಚಿದ. ಟಕಟಕ ಶುರುವಾದಾಗ ಬೀದಿಯಲ್ಲಿ ಯಾರೋ “ಮೇಷ್ಟ್ರು ಎದ್ರಾ?” ಎಂದು ಕೂಗಿದರು.

ಮಧ್ಯಾಹ್ನ ಅವರ ಕೈ ಹಿಡಿದೆ. ಮಂಜಿನಷ್ಟು ತಣ್ಣಗೆ, ಒದ್ದೆ. ಕೂರಿಸಿದರೆ ಕೂರಲಾರರು. ಆಗ ಯಾರೂ ವಾದಿಸಲಿಲ್ಲ. ಬಾಮೈದನೇ ಕಾರು ತಂದ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರ್. ನಾಡಿ ಹಿಡಿದವರು ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆ, “ಜ್ವರ ಯಾವಾಗ ಬಿಡ್ತು?”

“ಬೆಳಿಗ್ಗೆ” ಎಂದರು ಅಮ್ಮ.

“ಇನ್ನೂ ಬಿಟ್ಟಿಲ್ಲ” ಎಂದೆ ನಾನು. ಎರಡೂ ಮಾತು ಒಟ್ಟಿಗೇ ಬಿದ್ದವು.

ಡಾಕ್ಟರ್ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ನರ್ಸಿಗೆ ಡ್ರಿಪ್ ಹೇಳುತ್ತಲೇ, ಅರ್ಧ ತಮಗೇ ಎನ್ನುವಂತೆ ಅಂದರು. “ಇದರಲ್ಲಿ ಜ್ವರ ಇರೋವಾಗ ಅಲ್ಲ ಭಯ. ಬಿಟ್ಟ ಮೇಲಿನ ಒಂದೆರಡು ದಿನ.” ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ದಾರಿಯಲ್ಲಿ ಮೇಷ್ಟ್ರು ಒಮ್ಮೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ… ಅಥವಾ ಹೇಳಿದ್ದು ನನಗೆ ಕೇಳಿಸಲಿಲ್ಲ. ಮರುದಿನ ಅವರು ಇರಲಿಲ್ಲ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ನಾನು ಎಲೆಅಜ್ಜಿಯ ಊರಿಗೆ ಹೋದೆ. ಅಂಗಳದಲ್ಲಿ ಆಗಲೂ ಜನ. ಮೇಷ್ಟ್ರು ಹೋದ ಸುದ್ದಿ ಅವಳಿಗೆ ಮುಟ್ಟಿತ್ತು. “ಪುಣ್ಯಾತ್ಮ” ಎಂದು ಕಣ್ಣೊರೆಸಿಕೊಂಡಳು. ನಾನು ಕೂಗಾಡಿದೆ. ಅವಳು ಒಂದೇ ಮಾತು ಕೇಳಿದಳು. “ಜ್ವರ ಬಿಡ್ತಾ ಇಲ್ವಾ, ಅದು ಹೇಳು.” ಬಿಡಲಿಲ್ಲ ಎಂದೆ. ಅಜ್ಜಿ ತಲೆಯಾಡಿಸಿದಳು. “ಬಿಡದಿದ್ರೆ ನೀರು ಹಾಕು ಅಂತ ನಾನು ಹೇಳ್ತಿರ್ಲಿಲ್ಲ.”

ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರೆ ನನಗೆ ಹಗುರವಾಗುತ್ತಿತ್ತು. ವರ್ಷಗಟ್ಟಲೆ ಹಾಗೇ ಅಂದುಕೊಂಡೆ. ಜ್ವರ ಇತ್ತು, ಇವರೆಲ್ಲ ಇಲ್ಲವೆಂದರು, ಅಜ್ಜಿ ಮೋಸ ಮಾಡಿದಳು, ಮೇಷ್ಟ್ರು ಹೋದರು. ಕಥೆಗೆ ತಲೆಯೂ ಇತ್ತು, ಬಾಲವೂ ಇತ್ತು. ಆದರೆ ಪ್ರತಿ ವರ್ಷ ನನ್ನ ತರಗತಿಯಲ್ಲಿ ಮೂರು ಬೋಗುಣಿ ಇಡುವಾಗ, ತಣ್ಣೀರಿನಿಂದ ತೆಗೆದ ಹುಡುಗಿಯ ಕೈ ‘ಬಿಸಿ ಇದೆ ಸಾರ್’ ಎನ್ನುವಾಗ, ಹ್ಯಾಂಡಲ್ ಮೇಲೆ ಮರಗಟ್ಟಿದ ನನ್ನ ಬೆರಳು ಕಣ್ಣೆದುರು ಬರುತ್ತಿತ್ತು. ನಾನು ಬೇಗ ಬೇಗ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಸಿರಪ್ಪಿನ ವಾಸನೆ ಬಂದ ಆ ವಾರವೇ, ಭಾನುವಾರ, ದೊಡ್ಡಬಳ್ಳಾಪುರಕ್ಕೆ ಹೋದೆ. ಮಗ್ಗಗಳು ಓಡುತ್ತಿದ್ದವು. ಅಮ್ಮನಿಗೆ ಕಿವಿ ಸ್ವಲ್ಪ ಮಂದವಾಗಿದೆ. ಕಾಫಿ ಕೊಟ್ಟು, “ಸಣ್ಣಗಾಗಿದ್ದೀಯಲ್ಲೋ” ಎಂದರು. ಮೇಷ್ಟ್ರ ಥರ್ಮಾಮೀಟರ್ ಇದೆಯೇ ಎಂದು ಕೇಳಿದೆ. ಗೂಡಿನಿಂದ ಕಪ್ಪು ಕೊಳವೆ ತಂದು ಕೈಗಿಟ್ಟರು.

“ಅವತ್ತು ಬೆಳಿಗ್ಗೆ ಅವ್ರೇ ಇಟ್ಕೊಂಡು ನೋಡಿದ್ದು. ನೋಡಿ, ಇದ್ರೊಳಗೆ ಹಾಕಿ, ಗೂಡಿನಲ್ಲಿಡು, ಅವನು ಬಂದ್ರೆ ಕೇಳ್ತಾನೆ ಅಂದ್ರು. ಆಮೇಲೆ ಯಾರೂ ಮುಟ್ಟಿಲ್ಲಪ್ಪಾ. ತಮ್ಮ ಬ್ಯಾಟರಿದು ಬೇರೆ ತಂದವ್ನೆ.”

ಅವನು ಬಂದ್ರೆ ಕೇಳ್ತಾನೆ… ಅವನು ಕೇಳಿರಲಿಲ್ಲ.

ಮುಚ್ಚಳ ತಿರುಗಿಸಿ ಗಾಜನ್ನು ಮೆಲ್ಲಗೆ ಹೊರತೆಗೆದೆ. ಕೊಡವದಂತೆ ಮಣಿಕಟ್ಟನ್ನು ಬಿಗಿಹಿಡಿದಿದ್ದೆ. ಇಷ್ಟು ವರ್ಷದಲ್ಲಿ ಬೇಸಿಗೆಯ ಸೆಕೆಗೆ ಪಾದರಸ ಏರಿರಬಹುದು ಎಂಬ ಅನುಮಾನ ಆಗಲೂ ಬಂತು. ಏರಿರಬಹುದು, ಆದರೆ ಇಳಿದಿರಲು ಸಾಧ್ಯವಿಲ್ಲ. ಅಂದು ಇದ್ದದ್ದು ಈಗ ತೋರಿಸುವಷ್ಟೇ, ಅಥವಾ ಅದಕ್ಕಿಂತ ಕಡಿಮೆ. ಕಿಟಕಿಯ ಬೆಳಕಿಗೆ ಹಿಡಿದು, ಬೆಳ್ಳಿಯ ಗೆರೆ ಕಾಣುವವರೆಗೆ ತಿರುಗಿಸಿದೆ.

“ಎಷ್ಟಿದೆಯಪ್ಪಾ?” ಎಂದರು ಅಮ್ಮ.

ತೊಂಬತ್ತೆಂಟರ ಗೀಟು ದಾಟಿ ಒಂದೇ ಗೀಟು ಮೇಲೆ. ಆ ಬೆಳಿಗ್ಗೆ ಮೇಷ್ಟ್ರಿಗೆ ಜ್ವರವಿರಲಿಲ್ಲ.